ಚಳಿ ನೆಲದಿಂದ ಬರುತ್ತೆ

ದೀಪಾವಳಿ ಮುಗೀತು, ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು, ಸಂಜೆ ಐದಕ್ಕೇ ಕತ್ತಲು. ಪ್ರತಿ ವರ್ಷ ಚಳಿಗಾಲದ ಸಂಚಿಕೆಯಲ್ಲಿ ಜಾಕೆಟ್ ಎಲ್ಲಿ ಅಗ್ಗ, ಬೂಟು ಯಾವುದು ಗಟ್ಟಿ, ಸ್ನೋ ಟೈರ್ ಯಾವಾಗ ಹಾಕಿಸಬೇಕು ಅಂತ ಬರೀತಿದ್ವಿ. ಈ ಸಲ ಅದೆಲ್ಲ ಒಳಪುಟಕ್ಕೆ ಹೋಗಿದೆ. ಮುಖಪುಟದಲ್ಲಿ ಬರೆಯಲೇಬೇಕಾದ ವಿಷಯ ಬೇರೆ ಇದೆ: ತಲೆ ಮೇಲೆ ಸೂರಿಲ್ಲದೆ, ಹೊರಗೋ ಕಾರಿನಲ್ಲೋ ಒಂದು ರಾತ್ರಿ ಕಳೆಯಬೇಕಾಗಿ ಬಂದರೆ ಜೀವ ಉಳಿಸಿಕೊಳ್ಳೋದು ಹೇಗೆ?

"ಇದು ನಮ್ಮೋರ ವಿಷಯ ಅಲ್ಲ ಬಿಡಿ" ಅಂತ ಪುಟ ತಿರುಗಿಸೋಕೆ ಮುಂಚೆ ಒಂದು ಘಟನೆ ಕೇಳಿ.

ಹೋದ ಜನವರಿಯಲ್ಲಿ ನಮ್ಮಲ್ಲೊಬ್ಬರು ರಾತ್ರಿ ಪಾಳಿ ಮುಗಿಸಿಕೊಂಡು ಬರ್ತಾ, ಡಂಡಾಸ್ ಸ್ಟ್ರೀಟ್ ಕಡೆಯ ಒಂದು ಪ್ಲಾಜಾದಲ್ಲಿ ಕಾಫಿಗೆ ನಿಲ್ಲಿಸಿದರು. ಪಾರ್ಕಿಂಗ್‌ನ ಮೂಲೆಯಲ್ಲಿ ಒಂದು ಹಳೇ ಕಾರು. ಅದರ ಗಾಜಿಗೆ ಹಿಮ ಹಿಡಿದಿತ್ತು. ಅದರಲ್ಲೇನೂ ವಿಶೇಷ ಇಲ್ಲ. ಆದರೆ ಹಿಡಿದದ್ದು ಒಳಗಡೆಯಿಂದ. ಗಾಜಿನ ಒಳಮೈಗೆ ಹಾಗೆ ಬಿಳಿ ಕಟ್ಟಬೇಕಾದರೆ ಒಳಗೆ ಯಾರೋ ರಾತ್ರಿಯೆಲ್ಲ ಉಸಿರಾಡಿರಬೇಕು. ತಟ್ಟಿದರು. ಎದ್ದು ಕೂತವನು ಯುಗಾದಿ ಊಟದಲ್ಲಿ ನಮ್ಮ ಜೊತೆ ಎಲೆ ಹಾಕಿದ್ದ ಹುಡುಗ, ಚಿತ್ರದುರ್ಗದ ಕಡೆಯವನು.

ವೇರ್‌ಹೌಸಿನಲ್ಲಿ ಅವನ ಶಿಫ್ಟ್ ಕಡಿಮೆಯಾಗಿತ್ತು. ಎರಡು ತಿಂಗಳ ಬಾಡಿಗೆ ನಿಂತಿತ್ತು. ಬೇಸ್‌ಮೆಂಟ್ ಕೊಟ್ಟಿದ್ದ ಓನರ್ ವಾರದ ಗಡುವು ಕೊಟ್ಟು ಬೀಗ ಬದಲಿಸಿದ್ದರು. ಹನ್ನೊಂದು ರಾತ್ರಿ ಅವನು ಕಾರಿನಲ್ಲೇ ಮಲಗಿದ್ದ. ಗೆಳೆಯರಿಗೆ "ರೂಮ್ ಸಿಕ್ಕೈತೆ" ಅಂತ ಹೇಳಿದ್ದ. ಊರಿಗೆ ವಿಡಿಯೋ ಕಾಲ್ ಮಾಡೋದು ಲೈಬ್ರರಿಯಿಂದ. ಹಿಂದೆ ಪುಸ್ತಕದ ಕಪಾಟು ಕಾಣೋದರಿಂದ ಅಮ್ಮ ಅದನ್ನ ಆಫೀಸು ಅಂದುಕೊಂಡಿದ್ದರು.

ಅವನ ಹತ್ತಿರ ಹೊದಿಕೆಗೆ ಬರ ಇರಲಿಲ್ಲ. ಊರಿಂದ ತಂದ ರಜಾಯಿ, ಇಲ್ಲಿ ಕೊಂಡ ಕಂಫರ್ಟರ್, ಮೇಲೊಂದು ಜಾಕೆಟ್. "ಮೇಲೆ ಎಷ್ಟು ಹೊದ್ರೂ ಬೆನ್ನು ಮಾತ್ರ ಐಸ್ ಆಗ್ತಿತ್ತಣ್ಣ" ಅಂದ. ಕಾಲಿನ ಎರಡು ಬೆರಳು ಮರಗಟ್ಟಿದ್ದವು. ಸರಿಹೋಗೋಕೆ ವಾರಗಟ್ಟಲೆ ಹಿಡೀತು. ಅವನು ಈಗ ಚೆನ್ನಾಗಿದ್ದಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೀತಿದ್ದೀವಿ.

ನಮ್ಮ ಸುತ್ತಮುತ್ತ ಇದೊಂದೇ ಅಲ್ಲ. 2023ರ ಬೇಸಿಗೆಯಲ್ಲಿ ಆಫ್ರಿಕಾದಿಂದ ಆಶ್ರಯ ಕೇಳಿ ಬಂದವರು ಟೊರೊಂಟೊದ ಪೀಟರ್ ಸ್ಟ್ರೀಟ್‌ನ ಶೆಲ್ಟರ್ ಕಚೇರಿ ಮುಂದೆ ಫುಟ್‌ಪಾತ್ ಮೇಲೆ ದಿನಗಟ್ಟಲೆ ಮಲಗಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ನಾರ್ತ್ ಬೇ ಊರಿನಲ್ಲಿ ಮನೆ ಸಿಗದ ಭಾರತದ ವಿದ್ಯಾರ್ಥಿಗಳು ಟೆಂಟ್ ಹಾಕಿ ಪ್ರತಿಭಟಿಸಿದರು. ನವೆಂಬರ್‌ನಲ್ಲಿ ಪಕ್ಕದ ಮಿಸ್ಸಿಸಾಗಾದಲ್ಲಿ, ಶೆಲ್ಟರ್ ಹೊರಗೆ ಹಾಕಿದ್ದ ಟೆಂಟಿನಲ್ಲಿ ಒಬ್ಬ ಆಶ್ರಯಾರ್ಥಿ ತೀರಿಹೋದ. 2024ರ ಫೆಬ್ರವರಿಯಲ್ಲಿ ಕೆನ್ಯಾದ ಒಬ್ಬ ಹೆಣ್ಣುಮಗಳು ಅಲ್ಲೇ ಶೆಲ್ಟರ್ ಹೊರಗೆ ಚಳಿಯಲ್ಲಿ ರಾತ್ರಿ ಕಾದು, ಒಳಗೆ ಸೇರಿಸಿಕೊಂಡ ಮೇಲೆ ಕುಸಿದು ಪ್ರಾಣ ಬಿಟ್ಟಳು. ಇವೆಲ್ಲ ನಡೆದದ್ದು ಸಿರಿವಂತ ದೇಶದ ಸಿರಿವಂತ ಪ್ರಾಂತ್ಯದಲ್ಲಿ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀವಿ. ಇಲ್ಲಿನ ಚಳಿಗಾಲದಲ್ಲಿ ಹೊರಗೆ ಮಲಗೋದು ಸುರಕ್ಷಿತ ಅಂತ ನಾವು ಹೇಳ್ತಿಲ್ಲ. ಒಳಗೆ ಹೋಗೋ ದಾರಿ ಇದ್ದರೆ ಅದೇ ಸರಿ. ಆ ದಾರಿಗಳನ್ನೂ ಕೆಳಗೆ ಕೊಟ್ಟಿದ್ದೀವಿ. ಯಾವ ದಾರಿಯೂ ಸಿಗದ ಆ ಒಂದು ರಾತ್ರಿಗಾಗಿ ಈ ಮೊದಲ ಭಾಗ.

ಬಿಸಿ ಎಲ್ಲಿಗೆ ಹೋಗುತ್ತೆ

ನಮ್ಮ ಮೈ ಒಂದು ಒಲೆ ಇದ್ದ ಹಾಗೆ. ಒಳಗೆ 37 ಡಿಗ್ರಿ ಇರಬೇಕು. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಅಂತಾರೆ. ಹೊದಿಕೆ ತಾನಾಗಿ ಬಿಸಿ ಕೊಡಲ್ಲ. ಒಲೆಯ ಬಿಸಿ ಓಡಿಹೋಗದ ಹಾಗೆ ತಡೆಯುತ್ತೆ, ಅಷ್ಟೆ. ತಡೆಯೋದು ಬಟ್ಟೆ ಕೂಡ ಅಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿ.

ಈಗ ಮಲಗಿದಾಗ ಏನಾಗುತ್ತೆ ನೋಡಿ. ಮೇಲಿನ ರಜಾಯಿ ಉಬ್ಬಿಕೊಂಡಿರುತ್ತೆ, ಅದರಲ್ಲಿ ಗಾಳಿ ಇರುತ್ತೆ. ಬೆನ್ನ ಕೆಳಗಿನದು ನಮ್ಮ ಭಾರಕ್ಕೆ ಅಪ್ಪಚ್ಚಿಯಾಗಿ ಗಾಳಿಯೆಲ್ಲ ಹೊರಗೆ ಹೋಗಿರುತ್ತೆ. ಇನ್ನೂರು ಡಾಲರಿನ ಸ್ಲೀಪಿಂಗ್ ಬ್ಯಾಗ್ ಆದರೂ ಬೆನ್ನ ಕೆಳಗೆ ಅದು ತೆಳ್ಳಗಿನ ಬಟ್ಟೆಯೇ. ಕಾಂಕ್ರೀಟು, ಕಬ್ಬಿಣದ ಬೆಂಚು, ಹೆಪ್ಪುಗಟ್ಟಿದ ಮಣ್ಣು ರಾತ್ರಿಯೆಲ್ಲ ಮೈಯ ಬಿಸಿ ಹೀರ್ತಾನೇ ಇರ್ತವೆ. ಅದಕ್ಕೇ ಹೊರಗೆ ಮಲಗೋರ ಮೊದಲ ನಿಯಮ ಇದು: ಒಂದು ಹೊದಿಕೆ ಹೊದೆಯೋ ಮುಂಚೆ ಎರಡು ಹಾಸಿ.

ಇದು ನಮ್ಮ ಊರಿನವರಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಸುಗ್ಗಿ ಕಾಲದಲ್ಲಿ ಕಣ ಕಾಯೋಕೆ ಹೋದವರು ಬರಿ ನೆಲದ ಮೇಲೆ ಮಲಗ್ತಿದ್ರಾ? ಮೊಣಕಾಲುದ್ದ ಹುಲ್ಲು ಹಾಸಿ, ಅದರೊಳಗೆ ಹುದುಗಿಕೊಂಡು ಮಲಗ್ತಿದ್ರು. ಆ ಹುಡುಗನ ಅಜ್ಜ ಚಳ್ಳಕೆರೆ ಸೀಮೆಯಲ್ಲಿ ಕುರಿ ಕಾಯ್ತಿದ್ದವರು. ಕುರಿ ಹಟ್ಟಿ ಜೊತೆ ಊರೂರು ತಿರುಗಿ, ತಿಂಗಳುಗಟ್ಟಲೆ ಬಯಲಲ್ಲೇ ರಾತ್ರಿ ಕಳೀತಿದ್ರು. ಅವರ ಹತ್ತಿರ ಇದ್ದದ್ದು ಒಂದು ಕರಿ ಕಂಬಳಿ. "ಅಜ್ಜ ಕಂಬ್ಳಿ ಅರ್ಧ ಹಾಸಿ ಅರ್ಧ ಹೊದೀತಿದ್ದ. ನಾನು ಪೂರಾ ಮೇಲೇ ಹೊದ್ಕಂಡಿದ್ದೆ" ಅಂತ ಹುಡುಗ ಆಮೇಲೆ ನಕ್ಕ.

ಆ ಕಂಬಳಿಯ ಗುಣವನ್ನೂ ನೆನೆಸಿಕೊಳ್ಳಿ. ದಖನಿ ಕುರಿಯ ಒರಟು ಉಣ್ಣೆಯನ್ನು ಮನೆಯಲ್ಲೇ ನೂತು, ಹುಣಸೆ ಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ನೇಯ್ದದ್ದು. ಚುಚ್ಚುತ್ತೆ, ಭಾರ, ವಾಸನೆ. ಆದರೆ ಮಳೆ ನೀರು ಅದರ ಮೇಲೆ ಜಾರಿ ಹೋಗುತ್ತೆ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಗಾಳಿಯನ್ನೂ ತಡೆಯುತ್ತೆ. ಎಲ್ಲಕ್ಕಿಂತ ಮುಖ್ಯ, ಉಣ್ಣೆ ಒದ್ದೆಯಾದರೂ ಒಂದಷ್ಟು ಬಿಸಿ ಹಿಡಿದಿಡುತ್ತೆ. ಹತ್ತಿ ಹಾಗಲ್ಲ. ಹತ್ತಿ ಬನಿಯನ್, ಜೀನ್ಸ್, ಹುಡಿ ಇವು ಬೆವರು ಕುಡಿದು ಮೈಗೆ ಅಂಟಿಕೊಂಡು ತಣ್ಣಗಾಗ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿಯನ್ನು ಸಾಗಿಸುತ್ತೆ. ಮೈನಸ್ ಹತ್ತರಲ್ಲಿ ಒಣಗಿರೋ ಮನುಷ್ಯನಿಗಿಂತ ಪ್ಲಸ್ ಮೂರರಲ್ಲಿ ಮಳೆಗೆ ನೆನೆದವನು ಹೆಚ್ಚು ಅಪಾಯದಲ್ಲಿರಬಹುದು. ಸರೋವರದ ಪಕ್ಕದ ನಮ್ಮ ಊರಿಗೆ ನವೆಂಬರ್, ಮಾರ್ಚ್‌ನಲ್ಲಿ ಇಂಥ ಒದ್ದೆ ರಾತ್ರಿಗಳೇ ಜಾಸ್ತಿ.

ಏನು ಹಾಸೋದು

ರಟ್ಟು. ಅಂಗಡಿಗಳ ಹಿಂದೆ ಮಡಚಿ ಇಟ್ಟಿರೋ ಕಾರ್ಡ್‌ಬೋರ್ಡ್ ಬಾಕ್ಸು, ಒಣಗಿರೋದು. ಅದರ ಅಲೆಅಲೆ ಪದರದೊಳಗೆ ಗಾಳಿ ಇರುತ್ತೆ. ಒಂದಲ್ಲ, ನಾಲ್ಕೈದು ಪದರ ಹಾಕಿ. ಅದರ ಕೆಳಗೆ ಪ್ಲಾಸ್ಟಿಕ್ ಶೀಟೋ ದೊಡ್ಡ ಕಸದ ಚೀಲವೋ ಇದ್ದರೆ ನೆಲದ ತೇವ ಮೇಲೆ ಬರಲ್ಲ.

ಫೋಮ್ ಮ್ಯಾಟ್. ಯೋಗಕ್ಕೆ ಬಳಸೋ ತೆಳ್ಳನೆಯದಲ್ಲ, ಕ್ಯಾಂಪಿಂಗ್‌ಗೆ ಮಾರೋ ದಪ್ಪನೆಯದು. ಇದರ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಇರುತ್ತೆ. ಅಂಕಿ ದೊಡ್ಡದಾದಷ್ಟೂ ನೆಲದ ಚಳಿಗೆ ತಡೆ ಹೆಚ್ಚು. ಚಳಿಗಾಲಕ್ಕೆ 4, 5 ಬೇಕು. ಸಾಮಾನ್ಯ ಫೋಮ್ ಮ್ಯಾಟ್ 2ರ ಆಸುಪಾಸು ಇರುತ್ತೆ, ಹಾಗಾಗಿ ಎರಡನ್ನು ಒಂದರ ಮೇಲೊಂದು ಹಾಸಿ.

ಒಣ ಎಲೆ. ಅಕ್ಟೋಬರ್, ನವೆಂಬರ್‌ನಲ್ಲಿ ಓಕ್‌ವಿಲ್‌ನ ಮನೆಗಳ ಮುಂದೆ ಕಾಗದದ ಚೀಲಗಳಲ್ಲಿ ಎಲೆ ತುಂಬಿ ಇಟ್ಟಿರ್ತಾರೆ. ಒಣಗಿದ್ದನ್ನು ಕಸದ ಚೀಲಕ್ಕೆ ತುಂಬಿದರೆ ಅದೇ ಹುಲ್ಲಿನ ಹಾಸಿಗೆ.

ಸ್ಲೀಪಿಂಗ್ ಬ್ಯಾಗ್ ಕೊಳ್ಳೋವಾಗ ಮೋಸ ಹೋಗಬೇಡಿ. ಚೀಲದ ಮೇಲೆ ದೊಡ್ಡದಾಗಿ ಮೈನಸ್ 10 ಅಂತ ಬರೆದಿದ್ದರೆ ಅದು ಅನೇಕ ಸಲ 'ಲಿಮಿಟ್' ಅಥವಾ 'ಎಕ್ಸ್‌ಟ್ರೀಮ್' ಅಂಕಿ. ಎಕ್ಸ್‌ಟ್ರೀಮ್ ಅಂದ್ರೆ ಹೆಚ್ಚುಕಮ್ಮಿ ಪ್ರಾಣ ಉಳಿಯಬಹುದು ಅಂತ, ನಿದ್ದೆ ಬರುತ್ತೆ ಅಂತಲ್ಲ. ನೋಡಬೇಕಾದ್ದು 'ಕಂಫರ್ಟ್' ಅನ್ನೋ ಅಂಕಿ. ಇಲ್ಲಿ ಜನವರಿ ರಾತ್ರಿ ಮೈನಸ್ ಏಳೆಂಟು ಮಾಮೂಲು, ಕೆಲವು ರಾತ್ರಿ ಮೈನಸ್ ಇಪ್ಪತ್ತೂ ಮುಟ್ಟುತ್ತೆ.

ಏನು ಉಡೋದು, ಏನು ತಿನ್ನೋದು

ಮೂರು ಪದರ. ಮೈಗೆ ತಾಗಿದ್ದು ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ನಡುವೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ತಡೆಯೋ ಜಾಕೆಟ್. ಬಿಗಿಯಾಗಿರಬಾರದು, ಬಿಗಿಯಾದರೆ ನಡುವೆ ಗಾಳಿಗೆ ಜಾಗ ಇಲ್ಲ. ಏನೂ ಇಲ್ಲದಿದ್ದರೆ ಹಳೇ ಪೇಪರನ್ನು ಮುದುರಿ ಜಾಕೆಟ್ ಒಳಗೆ, ಪ್ಯಾಂಟಿನ ಒಳಗೆ ತುಂಬಿಕೊಳ್ಳಿ.

ಕೆಲಸ ಮಾಡಿದ ಬಟ್ಟೆಯಲ್ಲೇ ಮಲಗಬೇಡಿ. ಫ್ಯಾಕ್ಟರಿಯಲ್ಲೋ ತೋಟದಲ್ಲೋ ಬೆವರಿರ್ತೀರಿ, ಆ ಬೆವರು ರಾತ್ರಿ ನಿಮ್ಮನ್ನ ತಣ್ಣಗೆ ಮಾಡುತ್ತೆ. ಒಂದು ಜೊತೆ ಒಣ ಸಾಕ್ಸ್ ನಿದ್ದೆಗೆ ಅಂತಲೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಒದ್ದೆ ಬೂಟು ಹಾಕಿಕೊಂಡು ಮಲಗಬೇಡಿ. ಬೂಟನ್ನು ಕವರಿಗೆ ಹಾಕಿ ಕಾಲ ಹತ್ತಿರ ಇಟ್ಟರೆ ಬೆಳಿಗ್ಗೆ ಕಲ್ಲಾಗಿರಲ್ಲ.

ಊರಲ್ಲಿ ನಾವು ನಗಾಡ್ತಿದ್ದ ಮಂಕಿ ಕ್ಯಾಪ್, ಮಫ್ಲರ್ ಇಲ್ಲಿ ಪ್ರಾಣ ಉಳಿಸೋ ಸಾಮಾನು. ತಲೆ, ಕಿವಿ, ಕುತ್ತಿಗೆ ಮುಚ್ಚಿ. ಆದರೆ ಮುಖವನ್ನು ಹೊದಿಕೆಯೊಳಗೆ ಹುದುಗಿಸಿ ಉಸಿರಾಡಬೇಡಿ. ಉಸಿರಿನ ತೇವ ಹೊದಿಕೆಯನ್ನೇ ಒದ್ದೆ ಮಾಡುತ್ತೆ. ಮೂಗು, ಬಾಯಿ ಹೊರಗಿರಲಿ, ಮೇಲೆ ಮಫ್ಲರ್ ಸಡಿಲವಾಗಿರಲಿ.

ಖಾಲಿ ಹೊಟ್ಟೆಯಲ್ಲಿ ಒಲೆ ಉರಿಯಲ್ಲ. ಮಲಗೋ ಮುಂಚೆ ಏನಾದರೂ ತಿನ್ನಿ: ಶೇಂಗಾ ಚಿಕ್ಕಿ, ಪೀನಟ್ ಬಟರ್ ಹಚ್ಚಿದ ಬ್ರೆಡ್ಡು, ಬೆಲ್ಲ. ನೀರು ಕುಡೀರಿ. ಮೂತ್ರ ಬಂದರೆ ಚಳಿ ಅಂತ ತಡ್ಕೊಬೇಡಿ, ಎದ್ದು ಹೋಗಿಬನ್ನಿ, ಆಮೇಲೆ ಮೈಗೂ ಹಿತ, ನಿದ್ದೆಯೂ ಬರುತ್ತೆ. ಕಾಫಿ ಅಂಗಡಿಯಲ್ಲಿ ಬಿಸಿನೀರು ಕೇಳಿ ಪಡೆದು ಗಟ್ಟಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಸಾಕ್ಸ್ ಒಳಗೆ ಹಾಕಿ ತೊಡೆಯ ಸಂದಿಯಲ್ಲಿಟ್ಟುಕೊಂಡರೆ ಕೆಲವು ಗಂಟೆ ನಡೆಯುತ್ತೆ. ಮರಗಟ್ಟಿದ ಜಾಗಕ್ಕೆ ನೇರವಾಗಿ ಇಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಫೋನು, ಇನ್ಸುಲಿನ್ ಒಳಜೇಬಿನಲ್ಲಿರಲಿ. ಚಳಿಗೆ ಬ್ಯಾಟರಿ ಸಾಯುತ್ತೆ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರಲ್ಲ.

ಇನ್ನೊಂದು. "ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ" ಅನ್ನೋದು ಸುಳ್ಳು. ಬೆಚ್ಚಗೆ ಅನಿಸುತ್ತೆ, ನಿಜ. ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಬಿಸಿ ರಕ್ತ ಹೊರಮೈಗೆ ಬರೋದರಿಂದ ಹಾಗನಿಸೋದು. ಅಲ್ಲಿಂದ ಬಿಸಿ ಆಚೆ ಹೋಗುತ್ತೆ. ನಡುಕವೂ ಕಡಿಮೆಯಾಗುತ್ತೆ, ಎಚ್ಚರವೂ ತಪ್ಪುತ್ತೆ. ಹೊರಗೆ ಮಲಗೋ ರಾತ್ರಿ ಕುಡಿಯಲೇಬೇಡಿ.

ಎಲ್ಲಿ ಮಲಗಬಾರದು

ಸಿಕ್ಸ್‌ಟೀನ್ ಮೈಲ್ ಕ್ರೀಕಿನ ಕಣಿವೆ ಮರೆಯಾಗಿ, ಸುರಕ್ಷಿತವಾಗಿ ಕಾಣುತ್ತೆ. ಆದರೆ ತಣ್ಣನೆಯ ಗಾಳಿ ಭಾರ, ರಾತ್ರಿ ತಗ್ಗಿಗೆ ಇಳಿದು ಕೆರೆಯ ಹಾಗೆ ನಿಲ್ಲುತ್ತೆ. ಹಿಮ ಕರಗಿದಾಗ ಕ್ರೀಕಿನ ನೀರು ದಿಢೀರ್ ಏರಲೂಬಹುದು. ಸೇತುವೆ ಕೆಳಗೆ ಮಳೆ ಬೀಳಲ್ಲ, ಆದರೆ ಗಾಳಿ ಕೊಳವೆಯೊಳಗೆ ಹಾದ ಹಾಗೆ ಬೀಸುತ್ತೆ. ಬ್ರಾಂಟೆ ಬಂದರು, ಸರೋವರದ ದಂಡೆಯ ಪಾರ್ಕುಗಳಲ್ಲಿ ಗಾಳಿಗೆ ತಡೆಯೇ ಇಲ್ಲ. ಗಾಳಿ ಸೇರಿದರೆ ಲೆಕ್ಕವೇ ಬೇರೆ. ಹವಾಮಾನ ಇಲಾಖೆ ಹೇಳೋ ವಿಂಡ್‌ಚಿಲ್ ಮೈನಸ್ 28 ದಾಟಿದರೆ, ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಅಂಥ ರಾತ್ರಿ ಈ ಲೇಖನದ ಯಾವ ಉಪಾಯವೂ ಸಾಲದು, ಒಳಗೆ ಹೋಗಲೇಬೇಕು.

ಕಾರಿನಲ್ಲಿ ಮಲಗೋರಿಗೆ: ಸೀಟಿನ ಮೇಲೂ ರಟ್ಟು, ಫೋಮ್ ಹಾಸಿ, ಸೀಟಿನ ಕೆಳಗೆಲ್ಲ ತಣ್ಣನೆ ಗಾಳಿಯೇ. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಿ, ಇಲ್ಲದಿದ್ದರೆ ಉಸಿರಿನ ತೇವ ಹೊದಿಕೆಗೆ ಇಳಿಯುತ್ತೆ. ಗಾಜಿಗೆ ರಟ್ಟು ಅಡ್ಡ ಕೊಡಿ. ಎಂಜಿನ್ ಆನ್ ಇಟ್ಟು ನಿದ್ದೆ ಹೋಗಬೇಡಿ. ಹಿಮ ಬಿದ್ದು ಸೈಲೆನ್ಸರ್ ಬಾಯಿ ಮುಚ್ಚಿದರೆ ಹೊಗೆ ಒಳಗೇ ಬರುತ್ತೆ.

ಆ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳೋದಿಲ್ಲ. ಊರಲ್ಲಿ ಅಗ್ಗಿಷ್ಟಿಕೆ ಹಾಕಿ ಕಾಯಿಸಿಕೊಂಡ ಅಭ್ಯಾಸ ನಮಗಿದೆ. ಅಲ್ಲಿ ಹಂಚಿನ ಸಂದಿ, ಬಾಗಿಲ ಸಂದಿ ಇರ್ತಿತ್ತು. ಟೆಂಟಿನಲ್ಲಿ, ಕಾರಿನಲ್ಲಿ, ಬೇಸ್‌ಮೆಂಟಿನಲ್ಲಿ ಇಲ್ಲ. 2013ರ ಡಿಸೆಂಬರ್‌ನ ಐಸ್ ಸ್ಟಾರ್ಮ್‌ನಲ್ಲಿ ಟೊರೊಂಟೊ ಒಂದರಲ್ಲೇ ಸುಮಾರು 3 ಲಕ್ಷ ಗ್ರಾಹಕರಿಗೆ ಕರೆಂಟು ಹೋದಾಗ, ಮನೆಯೊಳಗೆ ಇದ್ದಿಲು ಹಚ್ಚಿ ವಿಷಗಾಳಿ ಕುಡಿದವರ ಹಿಂದೆ ಫೈರ್ ಸರ್ವಿಸ್ ಓಡಾಡಬೇಕಾಯಿತು. ಇದ್ದಿಲು, ಪ್ರೊಪೇನ್ ಹೀಟರ್, ಕ್ಯಾಂಪ್ ಸ್ಟೋವ್ ಯಾವುದನ್ನೂ ಮುಚ್ಚಿದ ಜಾಗದಲ್ಲಿ ಹಚ್ಚಿ ಮಲಗಬೇಡಿ.

ಒಬ್ಬರೇ ಮಲಗಬೇಡಿ. ಕುರಿಗಾಹಿಗಳು ಮಂದೆಯ ನಡುವೆ ಮಲಗ್ತಿದ್ದದ್ದು ಕುರಿ ಕಾಯೋಕೆ ಮಾತ್ರ ಅಲ್ಲ. ಇಬ್ಬರಿದ್ದರೆ ಬಿಸಿ ಹೆಚ್ಚು. ಒಬ್ಬನಿಗೆ ಹುಷಾರು ತಪ್ಪಿದರೆ ಇನ್ನೊಬ್ಬನಿಗೆ ಗೊತ್ತಾಗುತ್ತೆ.

ಈ ಲಕ್ಷಣ ಕಂಡರೆ 911

ಮೊದಲು ಜೋರು ನಡುಕ. ಆಮೇಲೆ ಕೈ ಮಾತು ಕೇಳಲ್ಲ, ಜಿಪ್ ಎಳೆಯೋಕೆ ಆಗಲ್ಲ. ನಾಲಿಗೆ ತೊದಲುತ್ತೆ, ನಡೆಯೋವಾಗ ಎಡವುತ್ತಾರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಕುಡಿದವರ ಹಾಗೆ ಕಾಣ್ತಾರೆ. ಕುಡಿದಿದ್ದಾನೆ ಅಂತ ಬಿಟ್ಟು ಹೋಗಬೇಡಿ. ನಡುಕ ನಿಂತರೆ "ಚಳಿ ಬಿಟ್ಟಿತು" ಅಂತ ಅಂದುಕೊಳ್ಳಬೇಡಿ, ಮೈ ಸೋತಿದೆ ಅಂತ ಅರ್ಥ. ಕೊನೇ ಹಂತದಲ್ಲಿ ಕೆಲವರು ಸೆಕೆ ಅಂತ ಬಟ್ಟೆ ಕಿತ್ತು ಹಾಕ್ತಾರೆ.

ತಕ್ಷಣ 911. ಕಾಯೋವಾಗ ಗಾಳಿ ಇಲ್ಲದ ಕಡೆಗೆ ಮೆಲ್ಲಗೆ ಸರಿಸಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಸುತ್ತಿ, ಕೆಳಗೂ ಹಾಸಿ. ಎದೆ, ಕಂಕುಳು, ಕುತ್ತಿಗೆಗೆ ಬಿಸಿ ಕೊಡಿ. ಕೈಕಾಲು ಉಜ್ಜಬೇಡಿ. ಎಚ್ಚರ ಇದ್ದರೆ ಮಾತ್ರ ಸಿಹಿಯಾದ ಬೆಚ್ಚನೆ ಪಾನೀಯ.

ಬೆರಳು, ಮೂಗು, ಕಿವಿ ಮರಗಟ್ಟಿ ಮೇಣದ ಹಾಗಾದರೆ ಅದು ಫ್ರಾಸ್ಟ್‌ಬೈಟ್. ನಮ್ಮ ಮೈಬಣ್ಣದಲ್ಲಿ ಅದು ಬೆಳ್ಳಗೆ ಎದ್ದು ಕಾಣದೆ ಬೂದಿ ಬಣ್ಣಕ್ಕೆ ತಿರುಗಿರಬಹುದು. ಮುಟ್ಟಿ ನೋಡಿ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟೋ ಸಾಧ್ಯತೆ ಇದ್ದರೆ ಕರಗಿಸಲೂಬೇಡಿ. ಆಸ್ಪತ್ರೆಗೆ ಹೋಗಿ. ಓಕ್‌ವಿಲ್ ಟ್ರಫಾಲ್ಗರ್ ಮೆಮೋರಿಯಲ್ ಆಸ್ಪತ್ರೆ ಡಂಡಾಸ್, ಥರ್ಡ್ ಲೈನ್ ಹತ್ತಿರ ಇದೆ, ಎಮರ್ಜೆನ್ಸಿ ರಾತ್ರಿಯಿಡೀ ತೆರೆದಿರುತ್ತೆ. ಹೋಗಲೋ ಬೇಡವೋ ಅನ್ನೋ ಅನುಮಾನ ಇದ್ದರೆ 811ಕ್ಕೆ ಫೋನ್ ಮಾಡಿ ನರ್ಸ್ ಹತ್ತಿರ ಕೇಳಿ.

ಒಳಗೆ ಹೋಗೋ ದಾರಿಗಳು

ಈ ನಂಬರುಗಳನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿ. ಕಷ್ಟ ಬಂದ ರಾತ್ರಿ ಹುಡುಕೋಕೆ ಚಾರ್ಜ್ ಇರಲ್ಲ.

211: ಒಂಟಾರಿಯೊದಲ್ಲಿ ಎಲ್ಲಿಂದಾದರೂ, 24 ಗಂಟೆ, ಉಚಿತ. ದುಭಾಷಿ ಕೇಳಬಹುದು. ಹತ್ತಿರದ ಶೆಲ್ಟರ್, ಊಟ, ಬೆಚ್ಚನೆ ಜಾಗ ತಿಳಿಸ್ತಾರೆ. ಹೇಳಿದ್ದು ಗುಟ್ಟಾಗಿರುತ್ತೆ.

311: ನಮ್ಮ ಹಾಲ್ಟನ್ ರೀಜನ್ ಕಚೇರಿ. ಮನೆ ಕಳೆದುಕೊಂಡವರಿಗೆ, ಕಳೆದುಕೊಳ್ಳೋ ಹಂತದಲ್ಲಿರೋರಿಗೆ ಸಹಾಯ ಇಲ್ಲಿಂದಲೇ ಶುರು. ಕೇಳೋ ವಾಕ್ಯ ಇಷ್ಟೇ: "ಐ ಹ್ಯಾವ್ ನೋ ಸೇಫ್ ಪ್ಲೇಸ್ ಟು ಸ್ಲೀಪ್ ಟುನೈಟ್." ಜಾಗ ಇಲ್ಲ ಅಂದರೆ ಫೋನ್ ಇಡಬೇಡಿ. ಹಾಗಾದರೆ ಇವತ್ತು ರಾತ್ರಿ ಬೇರೆ ಎಲ್ಲಿ ಅಂತ ಕೇಳಿ.

ಓಕ್‌ವಿಲ್‌ನ ರೆಡ್‌ವುಡ್ ಸ್ಕ್ವೇರ್‌ನಲ್ಲಿ ಸಾಲ್ವೇಶನ್ ಆರ್ಮಿಯ ಲೈಟ್‌ಹೌಸ್ ಶೆಲ್ಟರ್ ಇದೆ. ಮನೆಯಲ್ಲಿ ಹೊಡೆತ ಬಡಿತ ತಾಳಲಾರದೆ ಹೊರಬಿದ್ದ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಹಾಲ್ಟನ್ ವಿಮೆನ್ಸ್ ಪ್ಲೇಸ್ ಇದೆ. ಟೊರೊಂಟೊದಲ್ಲಿದ್ದರೆ ಶೆಲ್ಟರ್‌ಗೆ 416-338-4766. ಊಟಕ್ಕೆ ಕೆರ್ ಸ್ಟ್ರೀಟ್ ಮಿಷನ್, ಮಿಸ್ಸಿಸಾಗಾದ ಡಿಕ್ಸಿ ರಸ್ತೆಯಲ್ಲಿ ಒಂಟಾರಿಯೊ ಖಾಲ್ಸಾ ದರ್ಬಾರ್ ಗುರುದ್ವಾರದ ಲಂಗರ್. ಅಲ್ಲಿ ಜಾತಿ, ಕಾಗದಪತ್ರ ಯಾವುದನ್ನೂ ಕೇಳಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕೂರೋದು, ಅಷ್ಟೆ. ಹಗಲು ಹೊತ್ತು ಲೈಬ್ರರಿಗೆ ಹೋಗಿ ಕೂತು ಬಟ್ಟೆ ಒಣಗಿಸಿಕೊಳ್ಳಿ, ಫೋನ್ ಚಾರ್ಜ್ ಮಾಡಿ.

ಬೀಗ ಬದಲಿಸೋ ಹಕ್ಕು ಅವರಿಗಿಲ್ಲ

ಆ ಹುಡುಗನ ಹನ್ನೊಂದು ರಾತ್ರಿಗಳು ಬಹುಶಃ ಬೇಕಾಗಿಯೇ ಇರಲಿಲ್ಲ. ಒಂಟಾರಿಯೊದ ಬಾಡಿಗೆ ಕಾನೂನು ಅನ್ವಯ ಆಗೋ ಮನೆಯಲ್ಲಿ, ಬಾಡಿಗೆ ಬಾಕಿ ಇದ್ದರೂ ಓನರ್ ತಾವೇ ಬೀಗ ಬದಲಿಸೋ ಹಾಗಿಲ್ಲ, ಸಾಮಾನು ಹೊರಗೆ ಹಾಕೋ ಹಾಗಿಲ್ಲ. ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡಿನ ಆದೇಶ ಬೇಕು. ಆದೇಶ ಇದ್ದರೂ ಮನೆ ಖಾಲಿ ಮಾಡಿಸಬೇಕಾದವರು ಶೆರಿಫ್ ಕಚೇರಿಯವರು. ಬಾಡಿಗೆಯಲ್ಲೇ ಹೀಟಿಂಗ್ ಸೇರಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಮನೆಯೊಳಗೆ ಕನಿಷ್ಠ 20 ಡಿಗ್ರಿ ಇರಬೇಕು. ಇದನ್ನು ಮೀರಿದರೆ ಪ್ರಾಂತ್ಯದ ಬಾಡಿಗೆ ಜಾರಿ ಘಟಕಕ್ಕೆ 1-888-772-9277ರಲ್ಲಿ ದೂರು ಹೇಳಬಹುದು.

ಒಂದು ಕೊಕ್ಕೆ ಇದೆ, ನಮ್ಮವರು ಹೆಚ್ಚಾಗಿ ಸಿಕ್ಕಿಕೊಳ್ಳೋದು ಇದರಲ್ಲೇ. ಅಡುಗೆಮನೆಯನ್ನೋ ಬಚ್ಚಲನ್ನೋ ಓನರ್ ಅಥವಾ ಅವರ ಹತ್ತಿರದ ಕುಟುಂಬದ ಜೊತೆ ಹಂಚಿಕೊಳ್ಳೋ ಕರಾರಿನಲ್ಲಿದ್ದರೆ ಈ ಕಾನೂನು ನಿಮಗೆ ಅನ್ವಯ ಆಗಲ್ಲ. ನಿಮ್ಮದು ಯಾವ ಥರ ಅಂತ ಗೊತ್ತಾಗದಿದ್ದರೆ ಹಾಲ್ಟನ್ ಕಮ್ಯುನಿಟಿ ಲೀಗಲ್ ಸರ್ವಿಸಸ್‌ನಲ್ಲಿ ಕೇಳಿ, ಕಡಿಮೆ ಆದಾಯದವರಿಗೆ ಸಲಹೆ ಉಚಿತ. ಬಾಡಿಗೆ ಕೊಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಕ್ಯಾಶ್ ಕೊಟ್ಟರೆ ಒಂದು ಮೆಸೇಜ್ ಆದರೂ ಹಾಕಿ.

ಕೆಲಸ ಕೊಟ್ಟವರೇ ಕೊಟ್ಟ ಬಂಕ್‌ಹೌಸಿನಲ್ಲಿ ಇರೋರಿಗೆ, ಕೆಲಸ ಹೋದರೆ ಮನೆಯೂ ಹೋಗುತ್ತೆ ಅನ್ನೋ ಭಯ. ಒಬ್ಬರೇ ಎಂಪ್ಲಾಯರ್‌ಗೆ ಕಟ್ಟಿದ ವರ್ಕ್ ಪರ್ಮಿಟ್ ಇದ್ದು, ಅಲ್ಲಿ ದೌರ್ಜನ್ಯ ಆಗ್ತಿದ್ದರೆ, 2019ರಿಂದ ಅಂಥವರಿಗಾಗಿಯೇ ಓಪನ್ ವರ್ಕ್ ಪರ್ಮಿಟ್ ಇದೆ. ಹೀಟಿಂಗ್ ಇಲ್ಲದ ಕೋಣೆಯಲ್ಲಿ ಮಲಗಿಸೋದನ್ನು ಸಹಿಸಬೇಕಾಗಿಲ್ಲ. ಫೆಡರಲ್ ಸರ್ಕಾರದ ದೂರು ನಂಬರ್ 1-866-602-9448, ಹೆಸರು ಹೇಳದೆಯೂ ಹೇಳಬಹುದು.

ಕೊನೆಗೆ, ಸೂರು ಇರೋರಿಗೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಅಂತ ನಮ್ಮನ್ನ ಬೆಳೆಸಿದ್ದಾರೆ. ಸಾಲ ಮಾಡಬೇಡ, ಯಾರ ಹತ್ತಿರವೂ ಕೈ ಚಾಚಬೇಡ ಅಂತ. ಒಳ್ಳೇ ಮಾತು. ಆದರೆ ಹಾಸಿಗೆಯೇ ಇಲ್ಲದ ರಾತ್ರಿ ಆ ಮಾತು ಹಿಡಿದು ಕೂತರೆ ಆಗಲ್ಲ. ಆ ಹುಡುಗ ಹನ್ನೊಂದು ರಾತ್ರಿ ಕಾರಿನಲ್ಲಿದ್ದಾಗ, ಅವನಿಂದ ಹತ್ತು ನಿಮಿಷದ ದೂರದಲ್ಲಿ ನಮ್ಮಲ್ಲಿ ನಾಲ್ಕು ಜನರ ಮನೆಯ ಸೋಫಾ ಖಾಲಿ ಇತ್ತು. ಅವನು ಕೇಳಲಿಲ್ಲ, ನಾಚಿಕೆ. ನಾವೂ ಕೇಳಲಿಲ್ಲ. "ಹೇಗಿದ್ದೀಯಪ್ಪಾ" ಅಂದ್ವಿ, "ಆರಾಮಣ್ಣ" ಅಂದ, ಮುಗೀತು. ಎಲ್ಲಿ ಮಲಗ್ತಿದ್ದೀಯ ಅಂತ ಯಾರೂ ಕೇಳಲಿಲ್ಲ. ನಮಗೆ ಇವತ್ತಿಗೂ ಕೊರೆಯೋದು ಅದೇ.

ಹಾಗಾಗಿ ಈ ಚಳಿಗಾಲಕ್ಕೆ ನಿಮ್ಮಲ್ಲಿ ಮೂರು ಕೋರಿಕೆ. ಶಿಫ್ಟ್ ಕಡಿಮೆಯಾದ, ಮನೆ ಬಿಟ್ಟ, ಕೆಲಸ ಬದಲಿಸಿದ ಗೆಳೆಯರಿದ್ದರೆ ನೇರವಾಗಿ ಕೇಳಿ: "ಇವತ್ತು ರಾತ್ರಿ ಎಲ್ಲಿ ಮಲಗ್ತೀಯ?" ಕಾರಿನ ಡಿಕ್ಕಿಯಲ್ಲಿ ಒಂದು ಫೋಮ್ ಮ್ಯಾಟ್, ಒಂದು ಉಣ್ಣೆ ಹೊದಿಕೆ, ಒಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೆ ಯಾರಿಗಾದರೂ ಬೇಕಾಗುತ್ತೆ. ಬರೀ ಹೊದಿಕೆ ದಾನ ಮಾಡೋರು ಜೊತೆಗೆ ಹಾಸಲೂ ಏನಾದರೂ ಕೊಡಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ ನಮ್ಮೂರಲ್ಲಿ. ಇಲ್ಲಿ ಶಿವರಾತ್ರಿ ಆದ ಮೇಲೂ ಎಷ್ಟೋ ವಾರ ಚಳಿ ಇರುತ್ತೆ. ಅಲ್ಲೀವರೆಗೆ ಬೆಳಗಿನ ಜಾವ ಪಾಳಿ ಮುಗಿಸಿ ಬರೋವಾಗ ಪಾರ್ಕಿಂಗ್ ಲಾಟಿನ ಕಡೆ ಒಂದು ಸಲ ಕಣ್ಣಾಡಿಸಿ. ಯಾವುದಾದರೂ ಕಾರಿನ ಗಾಜಿಗೆ ಒಳಗಿನಿಂದ ಬಿಳಿ ಕಟ್ಟಿದ್ದರೆ, ಹಾಗೇ ಹೋಗಬೇಡಿ. ಮೆಲ್ಲಗೆ ತಟ್ಟಿ. ಒಳಗಿನವರು ಕನ್ನಡದವರೇ ಆಗಿರಬೇಕು ಅಂತೇನಿಲ್ಲ.